ಕಡ್ಡಾಯ ಕನ್ನಡ ಪತ್ರಿಕೆ: ವ್ಯಾಕರಣ ತಿದ್ದಿಕೊಳ್ಳುವುದು, ಮಾತು ಕಿರಿದಾಗಿಸುವುದು ಹೇಗೆ?

ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಕೂರುವವರಲ್ಲಿ ಕಡ್ಡಾಯ ಕನ್ನಡ ಪತ್ರಿಕೆಗೆಂದು ಸಮಯ ತೆಗೆದಿಡುವವರು ಕಡಿಮೆ. ಮನೆಯಲ್ಲಿ ಆಡುವುದು ಕನ್ನಡವೇ, ಪಾಸಾಗಲು ಬೇಕಾದ್ದು ಶೇ 25, ರ್‍ಯಾಂಕಿಗೆ ಈ ಅಂಕ ಸೇರುವುದೂ ಇಲ್ಲ ಎಂಬ ಧೈರ್ಯ. ಲೆಕ್ಕವೇನೋ ಸರಿ, 300ಕ್ಕೆ 75 ಬಂದರೆ ಸಾಕು. ಆದರೆ 74 ಬಂದರೆ ಪ್ರಬಂಧ, ಸಾಮಾನ್ಯ ಅಧ್ಯಯನ, ಐಚ್ಛಿಕ ವಿಷಯ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು.

ಹತ್ತನೇ ತರಗತಿ ದಾಟಿದ ಮೇಲೆ ಕನ್ನಡದಲ್ಲಿ ಒಂದು ಪುಟವನ್ನೂ ಕೈಯಾರೆ ಬರೆಯದ ಎಂಜಿನಿಯರುಗಳು, ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುವವರು, ಮುಂಬೈ ದೆಹಲಿಗಳಲ್ಲಿ ಓದಿದರೂ ತಾಯ್ನುಡಿಯೆಂದು ಕನ್ನಡವನ್ನೇ ಆರಿಸಿಕೊಂಡವರು ಈ ಪತ್ರಿಕೆಗೆ ಹೆದರುವುದು ಸಹಜ. ಅಂಥವರಿಗಾಗಿ ಈ ಬರಹ. ಕೆಎಎಸ್ ಮುಖ್ಯ ಪರೀಕ್ಷೆಯ 150 ಅಂಕಗಳ ಕನ್ನಡ ಪತ್ರಿಕೆಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಅಲ್ಲಿ ಶೇ 35 ಬೇಕು ಎಂಬುದು ನೆನಪಿರಲಿ.

ಮೊದಲು ಪತ್ರಿಕೆಯನ್ನು ನೋಡಿ

ಮೂರು ಗಂಟೆ, 300 ಅಂಕ. ಸುಮಾರು 600 ಪದಗಳ ಪ್ರಬಂಧಕ್ಕೆ 100, ಗದ್ಯಭಾಗ ಓದಿ ಉತ್ತರಿಸುವುದಕ್ಕೆ 60, ಸಂಕ್ಷೇಪ ಲೇಖನಕ್ಕೆ 60, ಇಂಗ್ಲಿಷಿನಿಂದ ಕನ್ನಡಕ್ಕೆ 20, ಕನ್ನಡದಿಂದ ಇಂಗ್ಲಿಷಿಗೆ 20, ವ್ಯಾಕರಣ ಮತ್ತು ಪದಬಳಕೆಗೆ 40. ಕೆಲವು ವರ್ಷಗಳಿಂದ ಬರುತ್ತಿರುವ ಚೌಕಟ್ಟು ಇದು. ವ್ಯಾಕರಣವೆಂದು ಪ್ರತ್ಯೇಕವಾಗಿ ಕೇಳುವುದು 40 ಅಂಕಕ್ಕೆ ಮಾತ್ರ. ಆದರೂ ಹೆಚ್ಚಿನವರು ತಯಾರಿ ಶುರುಮಾಡುವುದು ಸಂಧಿ, ಸಮಾಸಗಳ ಪಟ್ಟಿ ಉರುಹೊಡೆಯುವುದರಿಂದ. ನನ್ನ ಮಟ್ಟಿಗೆ ಅದು ತಿರುಗುಮುರುಗು ಕ್ರಮ. ಉಳಿದ 260 ಅಂಕಗಳನ್ನು ತರುವುದು ತಪ್ಪಿಲ್ಲದ, ಚಿಕ್ಕ, ನೇರವಾದ ವಾಕ್ಯ.

ಆಯೋಗದ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಒಂದನ್ನು ಮುದ್ರಿಸಿಕೊಂಡು, ಏನೂ ಓದದೆ, ಮೂರು ಗಂಟೆ ಗಡಿಯಾರ ಇಟ್ಟು ಪೂರ್ತಿ ಬರೆಯಿರಿ. ಮೊಬೈಲಿನಲ್ಲಿ ಟೈಪು ಮಾಡಿದರೆ ಪ್ರಯೋಜನವಿಲ್ಲ, ಪೆನ್ನು ಹಿಡಿದೇ ಬರೆಯಬೇಕು. ಒತ್ತಕ್ಷರ ಬಂದಾಗ ಕೈ ತಡೆಯುತ್ತದೆಯೇ, ಶ ಮತ್ತು ಷ ನಡುವೆ ಅನುಮಾನ ಬರುತ್ತದೆಯೇ, ಧ ಬರೆಯುವಾಗ ಹೊಟ್ಟೆ ಸೀಳುವುದನ್ನು ಮರೆಯುತ್ತೀರಾ ಎಂಬುದೆಲ್ಲ ಕಾಗದದ ಮೇಲೆಯೇ ಗೊತ್ತಾಗುವುದು. ಟೈಪು ಮಾಡುವಾಗ ಕೀಲಿಮಣೆಯೇ ಸರಿಯಾದ ಪದ ಸೂಚಿಸಿಬಿಡುತ್ತದೆ, ನಮ್ಮ ತಪ್ಪು ನಮಗೆ ಕಾಣುವುದೇ ಇಲ್ಲ.

ಬರೆದದ್ದನ್ನು ಮನೆಯಲ್ಲೋ ಊರಲ್ಲೋ ಕನ್ನಡ ಮೇಷ್ಟ್ರು ಒಬ್ಬರಿದ್ದರೆ ಅವರಿಗೆ ಕೊಡಿ. ಕೆಂಪು ಪೆನ್ನಿನಿಂದ ತಿದ್ದಿಸಿಕೊಂಡು, ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಮೂರು ಗುಂಪಾಗಿ ಬರೆದಿಡಿ: ಕಾಗುಣಿತದ ತಪ್ಪು, ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದದ ತಪ್ಪು, ಅನಗತ್ಯ ಮಾತು. ಮುಂದಿನ ಓದೆಲ್ಲ ಈ ನೋಟ್‌ಬುಕ್ಕಿನಿಂದ ಹುಟ್ಟಬೇಕು.

ಕಾಗುಣಿತ: ನಿಮ್ಮ ತಪ್ಪು ಯಾವ ಜಾತಿಯದು?

ಕಾಗುಣಿತದ ತಪ್ಪುಗಳು ನೂರಾರು ಎಂದು ಕಂಡರೂ ಬೇರು ಮೂರು ನಾಲ್ಕೇ. ಒಂದು, ಅಲ್ಪಪ್ರಾಣ ಮಹಾಪ್ರಾಣದ ಗೊಂದಲ. ‘ವಿಧ್ಯಾರ್ಥಿ’, ‘ಉದ್ಧೇಶ’, ‘ಪ್ರಸಿದ್ದ’, ‘ಉಚ್ಛ ನ್ಯಾಯಾಲಯ’ ಎಂದು ಬರೆಯುವವರು ಬಹಳ. ಸರಿ ರೂಪ ವಿದ್ಯಾರ್ಥಿ, ಉದ್ದೇಶ, ಪ್ರಸಿದ್ಧ, ಉಚ್ಚ ನ್ಯಾಯಾಲಯ. ಎರಡು, ಹಕಾರ. ಹಳೇ ಮೈಸೂರಿನ ಕಡೆ ‘ಹಾಲು’ ಹೋಗಿ ‘ಆಲು’ ಆಗುವುದುಂಟು, ಅದನ್ನು ಸರಿಪಡಿಸಲು ಹೊರಟವರು ‘ಆದರೆ’ ಎಂಬಲ್ಲಿ ‘ಹಾದರೆ’ ಎಂದು ಬರೆದುಬಿಡುತ್ತಾರೆ. ಆಡುವಾಗ ಯಾರೂ ತಪ್ಪು ಹಿಡಿಯಬಾರದು, ಆಡುನುಡಿಗೆ ಅದರದೇ ಹಕ್ಕಿದೆ. ಆದರೆ ಉತ್ತರ ಪತ್ರಿಕೆಯಲ್ಲಿ ಪುಸ್ತಕದ ರೂಪವೇ ಬೇಕು.

ಮೂರನೆಯದು ಪತ್ರಿಕೆ, ಟಿವಿ, ಭಾಷಣಗಳಿಂದ ಅಂಟಿಕೊಂಡ ತಪ್ಪು. ‘ಕೋಟ್ಯಾಂತರ ರೂಪಾಯಿ’ಯನ್ನೇ ತೆಗೆದುಕೊಳ್ಳಿ. ಲಕ್ಷ ಎಂಬುದು ಅಕಾರದಲ್ಲಿ ಮುಗಿಯುತ್ತದೆ. ಅದಕ್ಕೆ ಅಂತರ ಸೇರಿದರೆ ಸವರ್ಣದೀರ್ಘ ಸಂಧಿಯಾಗಿ ಲಕ್ಷಾಂತರ. ಕೋಟಿ ಮುಗಿಯುವುದು ಇಕಾರದಲ್ಲಿ. ಇಕಾರದ ಮುಂದೆ ಅಕಾರ ಬಂದರೆ ಇಕಾರದ ಜಾಗಕ್ಕೆ ಯಕಾರ ಬರುತ್ತದೆ, ಅದು ಯಣ್ ಸಂಧಿ. ಹಾಗಾಗಿ ಕೋಟ್ಯಂತರ. ದೀರ್ಘ ಬರಲು ಅಲ್ಲಿ ಕಾರಣವೇ ಇಲ್ಲ. ಇದೇ ನ್ಯಾಯದಿಂದ ಜಾತಿ ಮತ್ತು ಅತೀತ ಸೇರಿ ಜಾತ್ಯತೀತ. ‘ಜಾತ್ಯಾತೀತ’ ತಪ್ಪು. ಆದರೆ ಅತಿ ಮತ್ತು ಆಧುನಿಕ ಸೇರಿದರೆ ಅತ್ಯಾಧುನಿಕವೇ ಸರಿ, ಏಕೆಂದರೆ ಎರಡನೆಯ ಪದದಲ್ಲೇ ದೀರ್ಘವಿದೆ. ಒಂದು ಸಂಧಿ ಹೀಗೆ ಅರ್ಥವಾದರೆ ಹತ್ತು ಕಾಗುಣಿತ ತಾನಾಗಿ ಸರಿಹೋಗುತ್ತದೆ. ವ್ಯಾಕರಣ ಓದಬೇಕಾದದ್ದು ಈ ದಾರಿಯಲ್ಲಿ.

ನಾಲ್ಕನೆಯದು ಭಾವನಾಮದ ಮೇಲೆ ಮತ್ತೊಂದು ಪ್ರತ್ಯಯ ಹೇರುವುದು. ಪ್ರಮುಖದಿಂದ ಪ್ರಾಮುಖ್ಯ, ವಿವಿಧದಿಂದ ವೈವಿಧ್ಯ, ಸುಜನದಿಂದ ಸೌಜನ್ಯ ಆಗಿದೆ. ಅದರ ಮೇಲೆ ‘ತೆ’ ಸೇರಿಸಿ ‘ಪ್ರಾಮುಖ್ಯತೆ’, ‘ವೈವಿಧ್ಯತೆ’, ‘ಸೌಜನ್ಯತೆ’ ಮಾಡುವುದು ಬೇಡ. ಇವು ಈಗ ಎಷ್ಟು ಬಳಕೆಯಲ್ಲಿವೆಯೆಂದರೆ ತಪ್ಪೆಂದರೆ ಜಗಳಕ್ಕೆ ಬರುವವರಿದ್ದಾರೆ. ಜಗಳ ಪರೀಕ್ಷೆ ಮುಗಿದ ಮೇಲೆ ಇಟ್ಟುಕೊಳ್ಳೋಣ. ಇನ್ನು ‘ಸ್ವಾತಂತ್ರ’, ‘ದಾರಿದ್ರ’ ಎಂದು ಯಕಾರ ನುಂಗುವವರು ಸ್ವಾತಂತ್ರ್ಯ, ದಾರಿದ್ರ್ಯ ಎಂಬೆರಡನ್ನು ಕೈ ನೋಯುವಷ್ಟು ಬರೆದು ರೂಢಿಸಿಕೊಳ್ಳಲಿ. ಪ್ರಬಂಧದಲ್ಲಿ ಇವೆರಡೂ ಬಾರದ ವರ್ಷ ಕಡಿಮೆ.

ಸಂಧಿ, ಸಮಾಸ, ನುಡಿಗಟ್ಟು

ಇದಕ್ಕೆ ದುಬಾರಿ ಗೈಡು ಬೇಡ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ 8, 9, 10ನೇ ತರಗತಿಯ ಕನ್ನಡ ಪುಸ್ತಕ ಇಳಿಸಿಕೊಳ್ಳಿ. ಪಾಠಗಳ ಕೊನೆಯ ಭಾಷಾಭ್ಯಾಸದಲ್ಲಿ ಬೇಕಾದ್ದೆಲ್ಲ ಇದೆ.

ಕನ್ನಡ ಸಂಧಿ ಮೂರೇ: ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದಾಗ ಉಕಾರ ಹೋಯಿತು, ಅದು ಲೋಪ. ಮನೆ ಮತ್ತು ಅನ್ನು ಸೇರಿ ಮನೆಯನ್ನು ಆದಾಗ ಯಕಾರ ಬಂತು, ಅದು ಆಗಮ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದಾಗ ಕಕಾರದ ಜಾಗಕ್ಕೆ ಗಕಾರ ಬಂತು, ಅದು ಆದೇಶ. ಸಂಸ್ಕೃತ ಸಂಧಿಗಳಲ್ಲಿ ಸವರ್ಣದೀರ್ಘ, ಗುಣ, ವೃದ್ಧಿ, ಯಣ್ ಈ ನಾಲ್ಕನ್ನು ಗಟ್ಟಿ ಮಾಡಿಕೊಂಡು, ಜಶ್ತ್ವ, ಶ್ಚುತ್ವ, ಅನುನಾಸಿಕಗಳಿಗೆ ತಲಾ ಎರಡು ಉದಾಹರಣೆ ಇಟ್ಟುಕೊಂಡರೆ ಸಾಕು. ಎಲ್ಲರೂ ಎಡವುವುದು ಮಹರ್ಷಿಯಲ್ಲಿ: ಮಹಾ ಮತ್ತು ಋಷಿ ಸೇರಿ ಅರ್ ಬಂದಿದೆ, ಅದು ಗುಣಸಂಧಿ. ಸಮಾಸದಲ್ಲಿ ಅಂಗೈ, ಮುಂಗಾಲುಗಳ ಅಂಶಿಯನ್ನೂ ಮೈಮರೆ, ಕಣ್ಮುಚ್ಚುಗಳ ಕ್ರಿಯಾಸಮಾಸವನ್ನೂ ಒಮ್ಮೆ ನೋಡಿಕೊಳ್ಳಿ. ಯಾತ್ರೆ–ಜಾತ್ರೆ, ವಿದ್ಯೆ–ಬಿಜ್ಜೆ, ಕಾರ್ಯ–ಕಜ್ಜ, ಸಂಧ್ಯಾ–ಸಂಜೆಯಂಥ ತತ್ಸಮ ತದ್ಭವಗಳಿಗೆ ಬಸ್ಸಿನಲ್ಲಿ ಓಡಾಡುವ ಸಮಯ ಸಾಕು.

ನುಡಿಗಟ್ಟಿನ ಪ್ರಶ್ನೆ ಸುಲಭವೆಂದು ತೋರುತ್ತದೆ, ಅಂಕ ಕಳೆದುಕೊಳ್ಳುವುದು ಅಲ್ಲೇ. ‘ಕೈಕೊಡು’ ಎಂಬುದನ್ನು ವಾಕ್ಯದಲ್ಲಿ ಬಳಸಿ ಎಂದರೆ ‘ಅವನು ನನಗೆ ಕೈಕೊಟ್ಟನು’ ಎಂದು ಬರೆದು ಮುಂದೆ ಹೋಗುತ್ತಾರೆ. ಆ ವಾಕ್ಯ ಓದಿದವರಿಗೆ ನಿಮಗೆ ಅರ್ಥ ಗೊತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ‘ಸಾಲಕ್ಕೆ ಜಾಮೀನು ನಿಲ್ಲುತ್ತೇನೆಂದ ಗೆಳೆಯ ಬ್ಯಾಂಕಿಗೆ ಹೋಗುವ ದಿನ ಕೈಕೊಟ್ಟ’ ಎಂದರೆ ಅರ್ಥ ವಾಕ್ಯದೊಳಗೇ ಕಾಣುತ್ತದೆ. ಗಾಳಿಗೆ ತೂರು, ಹೊಟ್ಟೆಗೆ ಹಾಕಿಕೊ, ಎತ್ತಿದ ಕೈ, ಕಣ್ಣು ತೆರೆಸು ಇವುಗಳಿಗೆ ಈಗಲೇ ಹೀಗೊಂದೊಂದು ವಾಕ್ಯ ಕಟ್ಟಿಡಿ.

ಕರ್ತೃ ಯಾರು, ಕ್ರಿಯೆ ಏನು?

ವಾಕ್ಯ ಉದ್ದವಾದಷ್ಟೂ ಅದರ ಬಾಲ ತಪ್ಪುತ್ತದೆ. ‘ಸರ್ಕಾರವು ಬರಪೀಡಿತ ತಾಲ್ಲೂಕುಗಳ ರೈತರಿಗೆ ಪರಿಹಾರ ಘೋಷಿಸಿದ್ದಾರೆ’ ಎಂಬ ವಾಕ್ಯದಲ್ಲಿ ಬರೆಯುವವನ ಮನಸ್ಸಿನಲ್ಲಿ ಮಂತ್ರಿಗಳಿದ್ದಾರೆ, ಕಾಗದದ ಮೇಲೆ ಸರ್ಕಾರವಿದೆ. ‘ಘೋಷಿಸಿದೆ’ ಎಂದಾಗಬೇಕು. ‘ಗಾಳಿಗೆ ಮರಗಳು ಉರುಳಿತು’ ಎಂಬಲ್ಲಿ ‘ಉರುಳಿದವು’ ಬೇಕು. ಬಾಯಲ್ಲಿ ನಪುಂಸಕ ಬಹುವಚನ ಎಂದೋ ಸವೆದುಹೋಗಿದೆ, ಬರಹದಲ್ಲಿ ಇನ್ನೂ ಉಳಿದಿದೆ. ‘ಪ್ರತಿಯೊಬ್ಬ ನಾಗರಿಕನು ತಮ್ಮ ಹಕ್ಕನ್ನು’ ಎಂಬಲ್ಲಿ ‘ತನ್ನ’ ಆಗಬೇಕು.

ಈ ತಪ್ಪುಗಳಿಗೆ ಮದ್ದು ಒಂದೇ. ವಾಕ್ಯ ಮುಗಿಸಿದ ಮೇಲೆ ಕ್ರಿಯಾಪದದ ಮೇಲೆ ಬೆರಳಿಟ್ಟು ‘ಯಾರು?’ ಎಂದು ಕೇಳಿ. ಉತ್ತರ ಅದೇ ವಾಕ್ಯದಲ್ಲಿ ಸಿಗಬೇಕು, ಲಿಂಗ ವಚನ ಹೊಂದಬೇಕು. ಮೊದಮೊದಲು ಬೇಸರವಾಗುತ್ತದೆ, ಆಮೇಲೆ ಬೆರಳೇ ಬೇಡವಾಗುತ್ತದೆ.

ಮಾತು ಕಿರಿದಾಗಿಸುವುದು

ಈಗ ಮುಖ್ಯ ಸಂಗತಿ. ಮಾತಾಡುವಾಗ ಚೊಕ್ಕವಾಗಿ ಆಡುವ ಮನುಷ್ಯ ಪೆನ್ನು ಹಿಡಿದ ಕೂಡಲೇ ಸರ್ಕಾರಿ ಸುತ್ತೋಲೆಯಾಗಿಬಿಡುತ್ತಾನೆ. ಕನ್ನಡ ಪತ್ರಿಕೆಯೆಂದರೆ ಭಾರವಾದ ಕನ್ನಡ ಬರೆಯಬೇಕೆಂಬ ಭ್ರಮೆ ಇದಕ್ಕೆ ಅರ್ಧ ಕಾರಣ. ಟಿವಿಯ ‘ಮಾಡತಕ್ಕಂಥದ್ದು, ಹೇಳತಕ್ಕಂಥದ್ದು’ ಉಳಿದರ್ಧ. ಈ ವಾಕ್ಯ ನೋಡಿ:

‘ಗ್ರಾಮೀಣ ಪ್ರದೇಶಗಳಲ್ಲಿ ವಾಸಿಸುತ್ತಿರುವಂತಹ ಜನರಿಗೆ ಉತ್ತಮವಾದಂತಹ ಆರೋಗ್ಯ ಸೇವೆಗಳನ್ನು ಒದಗಿಸುವ ಕಾರ್ಯವನ್ನು ಸರ್ಕಾರದ ವತಿಯಿಂದ ಮಾಡಲಾಗುತ್ತಿದೆ ಎಂಬುದನ್ನು ನಾವು ಇಲ್ಲಿ ಕಾಣಬಹುದಾಗಿದೆ.’

ಹದಿನಾರು ಪದ. ಮೊದಲು ಬಾಲ ಕತ್ತರಿಸಿ: ‘ಎಂಬುದನ್ನು ನಾವು ಇಲ್ಲಿ ಕಾಣಬಹುದಾಗಿದೆ’ ಹೋದರೆ ಅರ್ಥಕ್ಕೆ ಏನೂ ಆಗದು. ಆಮೇಲೆ ‘ಅಂತಹ’ಗಳನ್ನು ಕೀಳಿ. ‘ಉತ್ತಮವಾದಂತಹ’ ಎಂದರೆ ಒಳ್ಳೆಯ, ಅಷ್ಟೇ. ‘ಗ್ರಾಮೀಣ ಪ್ರದೇಶಗಳಲ್ಲಿ ವಾಸಿಸುವ ಜನ’ ಎಂದರೆ ಹಳ್ಳಿಗರು. ಮುಂದೆ, ನಿಜವಾದ ಕೆಲಸ ಯಾವುದು ಹುಡುಕಿ. ವಾಕ್ಯದ ಕೊನೆಯಲ್ಲಿ ಕೂತಿರುವುದು ‘ಮಾಡು’, ಆದರೆ ಕೆಲಸ ‘ಒದಗಿಸು’. ಅದನ್ನು ಹಿಡಿದು ಕೊನೆಗೆ ತನ್ನಿ, ಮಾಡುವವನನ್ನು ‘ವತಿಯಿಂದ’ ಬಿಡಿಸಿ ಮುಂದೆ ನಿಲ್ಲಿಸಿ. ‘ಸರ್ಕಾರ ಹಳ್ಳಿಗರಿಗೆ ಒಳ್ಳೆಯ ಆರೋಗ್ಯ ಸೇವೆ ಒದಗಿಸುತ್ತಿದೆ.’ ಆರು ಪದ.

ಈ ಕತ್ತರಿ ಎಲ್ಲೆಡೆ ನಡೆಯುತ್ತದೆ. ‘ಪರಿಶೀಲನೆಯನ್ನು ನಡೆಸಿದರು’ ಎಂಬುದು ‘ಪರಿಶೀಲಿಸಿದರು’, ‘ನಿರ್ಧಾರವನ್ನು ಕೈಗೊಂಡರು’ ಎಂಬುದು ‘ನಿರ್ಧರಿಸಿದರು’. ‘ಪೊಲೀಸರಿಂದ ಬಂಧಿಸಲ್ಪಟ್ಟನು’ ಎಂದು ಯಾವ ಕನ್ನಡಿಗನೂ ಜಗಲಿಯ ಮೇಲೆ ಕೂತು ಹೇಳುವುದಿಲ್ಲ, ‘ಪೊಲೀಸರು ಹಿಡಿದರು’ ಎನ್ನುತ್ತಾನೆ. ಒಂದೇ ಅರ್ಥ ಎರಡು ಬಾರಿ ಬರುವುದನ್ನೂ ಗಮನಿಸಿ: ‘ಕೇವಲ ಹತ್ತು ಜನ ಮಾತ್ರ’, ‘ಸುಮಾರು ನೂರರಷ್ಟು’, ‘ಪುನಃ ಮತ್ತೊಮ್ಮೆ’, ‘ಏಕೆಂದರೆ... ಆದ್ದರಿಂದ’. ಎರಡರಲ್ಲಿ ಒಂದು ಸಾಕು.

ನಿರ್ಜೀವ ವಸ್ತುವಿಗೆ ‘ಅನ್ನು’ ಬಿಟ್ಟರೂ ಕನ್ನಡ ಕೆಡುವುದಿಲ್ಲ. ‘ನೀರನ್ನು ಕುಡಿದ’ ಎನ್ನುವುದಕ್ಕಿಂತ ‘ನೀರು ಕುಡಿದ’ ಹಗುರ. ಮನುಷ್ಯರ ವಿಷಯದಲ್ಲಿ ಮಾತ್ರ ಹುಷಾರು: ‘ಹುಲಿ ಮನುಷ್ಯ ಕೊಂದಿತು’ ಎಂದರೆ ಕೆಟ್ಟಿತು.

ಚಿಕ್ಕ ಚಿಕ್ಕ ವಾಕ್ಯಗಳನ್ನು ಹೆಣೆಯಲು ನಮ್ಮಲ್ಲಿ ಒಂದು ಅನುಕೂಲವಿದೆ. ‘ರೈತ ಸಾಲ ಮಾಡಿದನು. ಆ ಸಾಲದಿಂದ ಬೀಜವನ್ನು ತಂದನು. ಬೀಜವನ್ನು ಬಿತ್ತಿದನು. ಆದರೆ ಮಳೆ ಬರಲಿಲ್ಲ. ಆದ್ದರಿಂದ ಅವನಿಗೆ ನಷ್ಟವಾಯಿತು’ ಎಂಬುದನ್ನು ‘ಸಾಲ ಮಾಡಿ ಬೀಜ ತಂದು ಬಿತ್ತಿದ ರೈತ ಮಳೆ ಬಾರದೆ ನಷ್ಟ ಅನುಭವಿಸಿದ’ ಎಂದು ಒಂದೇ ಎಳೆಯಲ್ಲಿ ಹೇಳಬಹುದು. ಮಾಡಿ, ತಂದು, ಬಿತ್ತಿದ, ಬಾರದೆ: ಕೃದಂತಗಳೇ ಅರ್ಧ ಕೆಲಸ ಮಾಡಿಬಿಟ್ಟವು. ಮಿತಿಯೂ ಇದೆ. ‘ಅಧಿಕಾರಿ ಬಂದು ಜನ ದೂರು ಕೊಟ್ಟರು’ ಎಂದರೆ ಕಿವಿಗೆ ಕುಂಟುತ್ತದೆ, ಎರಡೂ ಕೆಲಸ ಮಾಡಿದವರು ಬೇರೆ ಬೇರೆ. ಅಲ್ಲಿ ‘ಬಂದಾಗ’ ಬೇಕು. ‘ಮಳೆ ಬಂದು ಕೆರೆ ತುಂಬಿತು’ ಒಪ್ಪುತ್ತದೆ, ಏಕೆಂದರೆ ಮೊದಲನೆಯದು ಎರಡನೆಯದಕ್ಕೆ ಕಾರಣ. ನಾಲ್ಕಕ್ಕಿಂತ ಹೆಚ್ಚು ಕೃದಂತ ಕೋದರೆ ಓದುವವರಿಗೆ ಉಸಿರು ಕಟ್ಟುತ್ತದೆ.

ಸಂಕ್ಷೇಪ ಲೇಖನ: ಒಂದನ್ನು ಮಾಡಿ ನೋಡೋಣ

ಕೊಟ್ಟ ಭಾಗವನ್ನು ಮೂರನೇ ಒಂದು ಭಾಗಕ್ಕೆ, ನಿಮ್ಮದೇ ಮಾತಿನಲ್ಲಿ ಇಳಿಸಬೇಕು. ಶೀರ್ಷಿಕೆ ಬೇಡವೆಂದು ಪ್ರಶ್ನೆಯಲ್ಲೇ ಹೇಳಿರುತ್ತಾರೆ, ಆದರೂ ಶಾಲೆಯ ಅಭ್ಯಾಸಬಲದಿಂದ ಕೊಡುವವರಿದ್ದಾರೆ. ಈ ತುಣುಕಿನಲ್ಲಿ 81 ಪದಗಳಿವೆ:

‘ಬೆಂಗಳೂರಿನ ಪಕ್ಕದಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿಯೊಂದಿಲ್ಲ. ಈ ಕಾರಣದಿಂದಾಗಿ ಹಿಂದಿನವರು ಮಳೆಯ ನೀರನ್ನು ಹಿಡಿದಿಡಲು ಊರ ಸುತ್ತಲೂ ಕೆರೆಗಳನ್ನು ಕಟ್ಟಿದರು. ಒಂದು ಕೆರೆ ತುಂಬಿದರೆ ಅದರ ಹೆಚ್ಚುವರಿ ನೀರು ಕೋಡಿಯ ಮೂಲಕ ಕಾಲುವೆಗೆ ಇಳಿದು, ತಗ್ಗಿನಲ್ಲಿರುವ ಮುಂದಿನ ಕೆರೆಯನ್ನು ಸೇರುತ್ತಿತ್ತು. ಹೀಗೆ ಕೆರೆಗಳೆಲ್ಲ ಒಂದಕ್ಕೊಂದು ಕೊಂಡಿಯಾಗಿದ್ದವು. ನಗರ ಬೆಳೆದಂತೆ ಕೊಳಾಯಿಯಲ್ಲಿ ದೂರದ ನದಿಯ ನೀರು ಬಂತು. ಕೆರೆಯ ನೀರು ಯಾರಿಗೂ ಬೇಡವಾಯಿತು. ಬೇಡವಾದ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ, ಕ್ರೀಡಾಂಗಣ, ಬಡಾವಣೆಗಳು ಎದ್ದವು, ಕಾಲುವೆಗಳು ಕಿರಿದಾದವು. ಈಗ ಜೋರು ಮಳೆ ಬಂದರೆ ನೀರು ಹೋಗಲು ದಾರಿಯಿಲ್ಲದೆ ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಅದೇ ನಗರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತದೆ. ನೆರೆಗೂ ಬರಕ್ಕೂ ಬೇರೆ ಬೇರೆ ಕಾರಣ ಹುಡುಕುವವರು ಕೆರೆಗಳ ಈ ಕಥೆಯನ್ನು ಒಮ್ಮೆ ಓದಬೇಕು.’

ಹೆಚ್ಚಿನವರು ಮಾಡುವುದು ಹೀಗೆ: ‘ಬೆಂಗಳೂರಿನ ಪಕ್ಕದಲ್ಲಿ ದೊಡ್ಡ ನದಿಯೊಂದಿಲ್ಲ. ಹಿಂದಿನವರು ಊರ ಸುತ್ತಲೂ ಕೆರೆಗಳನ್ನು ಕಟ್ಟಿದರು. ಒಂದು ಕೆರೆ ತುಂಬಿದರೆ ನೀರು ಮುಂದಿನ ಕೆರೆಯನ್ನು ಸೇರುತ್ತಿತ್ತು. ಬಸ್ ನಿಲ್ದಾಣ, ಕ್ರೀಡಾಂಗಣ, ಬಡಾವಣೆಗಳು ಎದ್ದವು. ನಗರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತದೆ.’ ಪದಗಳ ಲೆಕ್ಕ ಸರಿ. ವ್ಯಾಕರಣವೂ ಸರಿ. ಆದರೆ ಇದು ವಾಕ್ಯಗಳನ್ನು ಆರಿಸಿ ನಕಲು ಮಾಡಿದ್ದು. ಬಸ್ ನಿಲ್ದಾಣಕ್ಕೂ ಟ್ಯಾಂಕರಿಗೂ ಏನು ಸಂಬಂಧ ಎಂಬುದು ಬಿಟ್ಟುಹೋಗಿದೆ, ನೆರೆಯ ಸುದ್ದಿಯೇ ಇಲ್ಲ.

ಬದಲಿಗೆ, ಎರಡು ಸಲ ಓದಿ, ಪ್ರಶ್ನೆಪತ್ರಿಕೆ ಮಗುಚಿಟ್ಟು, ‘ಇವನು ಹೇಳುತ್ತಿರುವುದೇನು?’ ಎಂದು ಬದಿಯಲ್ಲಿ ಕೂತವರಿಗೆ ಹೇಳುವಂತೆ ಒಂದು ವಾಕ್ಯ ಬರೆಯಿರಿ. ಇಲ್ಲಿ ಅದು: ಕೆರೆ ಹಾಳು ಮಾಡಿದ್ದೇ ನೆರೆಗೂ ಕಾರಣ, ಬರಕ್ಕೂ ಕಾರಣ. ಮೂಲದ ಕೊನೆಯ ವಾಕ್ಯ ಇದನ್ನು ನೇರವಾಗಿ ಹೇಳದೆ ಸೂಚಿಸಿದೆ. ಸೂಚನೆಯನ್ನು ಬಿಡಿಸಿ ಹೇಳುವುದು ಸಂಕ್ಷೇಪಕಾರನ ಕೆಲಸ. ಈಗ ಆ ವಾಕ್ಯಕ್ಕೆ ಬೇಕಾದದ್ದನ್ನು ಮಾತ್ರ ಮೂಲದಿಂದ ಎತ್ತಿಕೊಳ್ಳಿ:

‘ಜೀವನದಿಯಿಲ್ಲದ ಬೆಂಗಳೂರಿಗೆ ಮಳೆನೀರನ್ನು ಹಿಡಿದಿಡುವ ಕೆರೆಗಳ ಸರಪಳಿಯೇ ಆಧಾರವಾಗಿತ್ತು. ನಲ್ಲಿ ನೀರು ಬಂದ ನಂತರ ನಗರ ಕೆರೆಗಳನ್ನು ಮರೆತು ಅವುಗಳ ಮೇಲೆ ಕಟ್ಟಡ ಕಟ್ಟಿತು, ಕಾಲುವೆಗಳನ್ನು ಕಿರಿದಾಗಿಸಿತು. ಮಳೆಗಾಲದ ನೆರೆಗೂ ಬೇಸಿಗೆಯ ಬರಕ್ಕೂ ಕಾರಣ ಇದೇ.’

26 ಪದ. ನಿಲ್ದಾಣ, ಕ್ರೀಡಾಂಗಣ, ಬಡಾವಣೆ ಮೂರೂ ‘ಕಟ್ಟಡ’ದೊಳಗೆ ಸೇರಿದವು. ಕೋಡಿ, ಕಾಲುವೆ, ತಗ್ಗು ಎಂಬ ವಿವರವೆಲ್ಲ ‘ಸರಪಳಿ’ಯಲ್ಲಿ ಅಡಗಿತು. ಉದಾಹರಣೆಗಳ ಗುಂಪು ಕಂಡಲ್ಲೆಲ್ಲ ಅವಕ್ಕೊಂದು ಸಾಮಾನ್ಯ ಹೆಸರು ಹುಡುಕಿ, ಪದಗಳು ಉಳಿಯುವುದು ಅಲ್ಲಿ. ನಿಮ್ಮ ಅಭಿಪ್ರಾಯ, ‘ಇದು ಖೇದಕರ’ ಎಂಬಂಥ ನಿಟ್ಟುಸಿರು ಯಾವುದೂ ಬೇಡ.

ಅಭ್ಯಾಸಕ್ಕೆ ಪತ್ರಿಕೆಯ ಸಂಪಾದಕೀಯ ಸಾಕು. ದಿನಕ್ಕೊಂದನ್ನು ಮೂರನೇ ಒಂದಕ್ಕೆ ಇಳಿಸಿ. ಪದ ಎಣಿಸುವಾಗ ನ್ಯಾಯವಾಗಿರಿ: ‘ಮಾಡಬೇಕಾಗಿದೆ’ ಒಂದೇ ಪದ, ಅದನ್ನು ಬಿಡಿಸಿ ಬರೆಯಬೇಡಿ. ಲೆಕ್ಕ ಕಡಿಮೆ ಮಾಡಲೆಂದು ನಾಲ್ಕು ಪದ ಅಂಟಿಸುವುದೂ ಬೇಡ.

ಅನುವಾದ ಮತ್ತು ಪರೀಕ್ಷೆಯ ದಿನ

ಅನುವಾದದಲ್ಲಿ ಇಂಗ್ಲಿಷಿನ ಪದಕ್ರಮ ಹಿಂಬಾಲಿಸಿದರೆ ‘ಯಾವ ಮಾರಿಕಣಿವೆ ಅಣೆಕಟ್ಟು ಮೈಸೂರು ಅರಸರ ಕಾಲದಲ್ಲಿ ಕಟ್ಟಲ್ಪಟ್ಟಿತೋ ಅದು ಇಂದಿಗೂ ಗಟ್ಟಿಯಾಗಿದೆ’ ಎಂಬಂಥ ವಾಕ್ಯ ಹುಟ್ಟುತ್ತದೆ. ‘ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಮಾರಿಕಣಿವೆ ಅಣೆಕಟ್ಟು ಇಂದಿಗೂ ಗಟ್ಟಿಯಾಗಿದೆ’ ಎನ್ನಿ. ಇಂಗ್ಲಿಷಿನ ವಾಕ್ಯ ಓದಿ, ಕ್ರಿಯಾಪದ ಹಿಡಿದು, ಬಾಲದಿಂದ ತಲೆಯ ಕಡೆಗೆ ಕಟ್ಟಿಕೊಂಡು ಬಂದರೆ ಕನ್ನಡ ತಾನಾಗಿ ನಿಲ್ಲುತ್ತದೆ. ಪಾರಿಭಾಷಿಕ ಪದ ಹೊಳೆಯದಿದ್ದರೆ ಎಲ್ಲರೂ ಬಳಸುವ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಜಾಗ ಖಾಲಿ ಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ಪರೀಕ್ಷೆಯ ದಿನ ಪ್ರಬಂಧದಿಂದ ಶುರುಮಾಡಿದವರು ಅದರಲ್ಲೇ ಒಂದೂವರೆ ಗಂಟೆ ಮುಳುಗುತ್ತಾರೆ. ಗದ್ಯಭಾಗದ ಪ್ರಶ್ನೆಗಳಿಂದ ಆರಂಭಿಸಿ. ಉತ್ತರ ಅಲ್ಲೇ ಇರುತ್ತದೆ, ಕೈಗೂ ಅಕ್ಷರ ಒಗ್ಗುತ್ತದೆ. ಆಮೇಲೆ ಸಂಕ್ಷೇಪ, ವ್ಯಾಕರಣ, ಅನುವಾದ. ಈ 200 ಅಂಕಗಳನ್ನು ಎರಡು ಗಂಟೆಯೊಳಗೆ ಮುಗಿಸಿದರೆ ಪ್ರಬಂಧಕ್ಕೆ 50 ನಿಮಿಷ ಸಿಗುತ್ತದೆ, 600 ಪದಕ್ಕೆ ಅಷ್ಟು ಸಾಕು. ಉಳಿದ 10 ನಿಮಿಷದಲ್ಲಿ ಹೊಸದೇನೂ ಬರೆಯಬೇಡಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಹೆಚ್ಚು ಸಲ ಕೆಂಪಾದ ಐದಾರು ಪದಗಳನ್ನೂ ಪ್ರತಿ ವಾಕ್ಯದ ಕ್ರಿಯಾಪದವನ್ನೂ ಹುಡುಕಿ ಸರಿನೋಡಿ, ತಪ್ಪು ಕಂಡರೆ ಒಂದೇ ಗೆರೆ ಎಳೆದು ಮೇಲೆ ಸರಿ ರೂಪ ಬರೆಯಿರಿ.